ಜಗ್ಗಾಟದ ಟ್ರ್ಯಾಕ್ಟರಿಗೆ ಗಟ್ಟಿ ಕ್ಲಚ್: ಆರಿಸುವ ಮುನ್ನ ತಿಳಿಯಬೇಕಾದುದು

(ಬಬಲೇಶ್ವರದಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರ ಕೂಟದಲ್ಲಿ ಮಾಡಿದ ಭಾಷಣ)



ಕಬ್ಬು ಸಾಗಿಸುವ ಹಂಗಾಮು ಹತ್ತಿರ ಬಂದಿದೆ. ಅದರ ಬೆನ್ನಿಗೇ ಊರೂರಿನ ಜಾತ್ರೆಗಳೂ ಬರುತ್ತವೆ. ಹಿಂದೆ ಜಾತ್ರೆಯೆಂದರೆ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಪಂದ್ಯವಿರುತ್ತಿತ್ತು. ಈಗ ಅದರ ಜೊತೆಗೆ ಟ್ರ್ಯಾಕ್ಟರಿನ ಪಂದ್ಯಗಳೂ ಸೇರಿವೆ. ಟ್ರೇಲರನ್ನು ಹಿಂದಕ್ಕೆ ಓಡಿಸುವುದು ಒಂದು ಬಗೆ. ಭಾರ ಎಳೆಯುವುದು, ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಾಡಿಸುವುದು ಇನ್ನೊಂದು ಬಗೆ. ಇಂದಿನ ನನ್ನ ಮಾತು ಈ ಎರಡನೆಯ ಬಗೆಗೆ ಸಂಬಂಧಪಟ್ಟದ್ದು.

ಕೆಲವು ದಿನಗಳ ಕೆಳಗೆ ತಿಕೋಟಾ ಕಡೆಯ ಒಬ್ಬ ತರುಣ ರೈತರು ತಂದೆಯವರೊಡನೆ ನನ್ನಲ್ಲಿಗೆ ಬಂದಿದ್ದರು. ಅವರದು 50 ಅಶ್ವಶಕ್ತಿಯ ಟ್ರ್ಯಾಕ್ಟರ್. ಜಾತ್ರೆಯ ಜಗ್ಗಾಟಕ್ಕೆಂದು ಡೀಸೆಲ್ ಪಂಪಿನ ಸೀಲು ಒಡೆದು ಎಣ್ಣೆ ಹೆಚ್ಚು ಹೋಗುವಂತೆ ಮಾಡಿಸಿದ್ದರು. ಎಂಜಿನ್ ಗುಡುಗುತ್ತದೆ, ಹೊಗೆ ಬಿಡುತ್ತದೆ, ಆದರೆ ಗಾಡಿ ಮುಂದೆ ಹೋಗುವುದಿಲ್ಲ. ಕ್ಲಚ್ ಜಾರಿ ಸುಟ್ಟ ವಾಸನೆ ಬರುತ್ತದೆ. "ಸರ್ರ, ಇದಕ್ಕ ಎಲ್ಲಕ್ಕಿಂತ ಗಟ್ಟಿ ಕ್ಲಚ್ ಯಾವುದೈತಿ ಹೇಳ್ರಿ" ಎಂದು ಕೇಳಿದರು. ತಂದೆ ಸುಮ್ಮನೆ ನಿಂತಿದ್ದರು. ಮಗ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಸಾಹೇಬ್ರ, ಸಾಲದ ಕಂತು ಇನ್ನೂ ಮೂರು ವರ್ಷ ಐತ್ರಿ. ಬ್ಯಾಡ ಅಂದ್ರ ಹುಡುಗ ಕೇಳಾಂಗಿಲ್ಲ. ಗಾಡಿ ಉಳಿಯುವಂಗ ಏನರ ಹೇಳ್ರಿ."

ಮಗನ ಪ್ರಶ್ನೆ ಒಂದು, ತಂದೆಯ ಪ್ರಶ್ನೆ ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿ ಸಿಕ್ಕುತ್ತದೆ. ಆ ಲೆಕ್ಕವನ್ನು ತಮ್ಮೆಲ್ಲರ ಮುಂದೆ ಇಡುತ್ತೇನೆ.

ಎಂಜಿನ್ನಿನ ತಿರುಚುಬಲ

ಕ್ಲಚ್ಚು ಸಾಗಿಸುವುದು ಎಂಜಿನ್ನಿನ ತಿರುಚುಬಲವನ್ನು. ಅದನ್ನು ತಿಳಿಯಲು ಅಶ್ವಶಕ್ತಿಯನ್ನು 716ರಿಂದ ಗುಣಿಸಿ, ಎಂಜಿನ್ನು ನಿಮಿಷಕ್ಕೆ ತಿರುಗುವ ಸುತ್ತುಗಳಿಂದ ಭಾಗಿಸಬೇಕು. 50 ಅಶ್ವಶಕ್ತಿಯ ಎಂಜಿನ್ನು 2000 ಸುತ್ತಿನಲ್ಲಿದ್ದರೆ ಸುಮಾರು 18 ಕಿಲೋಗ್ರಾಂ-ಮೀಟರ್ ಬರುತ್ತದೆ. ಭಾರ ಬಿದ್ದು ಸುತ್ತು ಇಳಿದಾಗ ಡೀಸೆಲ್ ಎಂಜಿನ್ನಿನ ತಿರುಚುಬಲ ಏರುತ್ತದೆ. ಶೇಕಡಾ 20ರಷ್ಟು ಏರಿತೆಂದು ಹಿಡಿದರೆ 21.5 ಆಗುತ್ತದೆ. ಪಂಪು ಬಿಚ್ಚಿ ಇನ್ನೂ ಕಾಲು ಭಾಗ ಹೆಚ್ಚಿಸಿದರೆ ಸುಮಾರು 27.

ಕ್ಲಚ್ಚಿನ ಹಿಡಿತ

ಕ್ಲಚ್ಚಿನ ಹಿಡಿತ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಸ್ಪ್ರಿಂಗುಗಳ ಒತ್ತಡ, ಲೈನಿಂಗಿನ ಘರ್ಷಣೆ, ಪ್ಲೇಟಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ. ಈ ನಾಲ್ಕನ್ನೂ ಗುಣಿಸಿದರೆ ಹಿಡಿತದ ಬಲ ಸಿಗುತ್ತದೆ.

ಉದಾಹರಣೆಗೆ 12 ಅಂಗುಲದ ಪ್ಲೇಟನ್ನು ತೆಗೆದುಕೊಳ್ಳೋಣ. ಒತ್ತಡ 600 ಕಿಲೋಗ್ರಾಂ, ಘರ್ಷಣೆಯ ಅಂಕ 0.3, ಸರಾಸರಿ ತ್ರಿಜ್ಯ ಹನ್ನೆರಡೂವರೆ ಸೆಂಟಿಮೀಟರಿನಷ್ಟು, ಮುಖಗಳು ಎರಡು. ಗುಣಿಸಿದರೆ ಸುಮಾರು 45 ಕಿಲೋಗ್ರಾಂ-ಮೀಟರ್. ಎಂಜಿನ್ನು ಕೊಡುವುದು ಇಪ್ಪತ್ತೊಂದೂವರೆ, ಕ್ಲಚ್ಚು ತಾಳುವುದು 45, ಎರಡು ಪಟ್ಟು. ಪಂಪು ಬಿಚ್ಚಿದ ಎಂಜಿನ್ನಿನ 27ಕ್ಕೂ ಇದು ಒಂದೂವರೆ ಪಟ್ಟಿಗಿಂತ ಹೆಚ್ಚು. ಹಾಗಾದರೆ ಆ ತರುಣರ ಕ್ಲಚ್ಚು ಜಾರಿದ್ದೇಕೆ?

ಮೊದಲು ರೋಗ ಹುಡುಕಿ

ಇದೇ ಮುಖ್ಯವಾದ ಪ್ರಶ್ನೆ. ಲೈನಿಂಗಿಗೆ ಎಣ್ಣೆ ತಗುಲಿದರೆ ಘರ್ಷಣೆಯ ಅಂಕ 0.3ರಿಂದ 0.1ಕ್ಕೆ ಇಳಿಯಬಹುದು. ಆಗ 45 ಇದ್ದ ಹಿಡಿತ 15ಕ್ಕೆ ಬರುತ್ತದೆ. ಪಂಪು ಬಿಚ್ಚದ ಎಂಜಿನ್ನನ್ನೂ ಅದು ತಡೆಯಲಾರದು. ಇಂಥ ಪ್ಲೇಟಿನ ಬದಲಿಗೆ ಎಷ್ಟು ದುಬಾರಿ ಪ್ಲೇಟು ಹಾಕಿದರೂ ಮತ್ತೆ ಎಣ್ಣೆ ಕುಡಿದು ಜಾರುತ್ತದೆ. ಆದುದರಿಂದ ಹೊಸದನ್ನು ಕೊಳ್ಳುವ ಮುನ್ನ ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

1. ಎಂಜಿನ್ನಿನ ಹಿಂದಿನ ಎಣ್ಣೆ ಸೀಲು ಮತ್ತು ಗೇರ್‌ಬಾಕ್ಸಿನ ಮುಂದಿನ ಸೀಲು ಸೋರುತ್ತಿವೆಯೆ?

2. ಪೆಡಲಿಗೆ ತಯಾರಕರ ಪುಸ್ತಕದಲ್ಲಿ ಹೇಳಿದಷ್ಟು ಸಡಿಲು ಇದೆಯೆ? ಸಡಿಲೇ ಇಲ್ಲದಿದ್ದರೆ ರಿಲೀಸ್ ಬೇರಿಂಗು ಸದಾ ಒತ್ತಿಕೊಂಡಿದ್ದು ಹಿಡಿತ ಕಡಿಮೆಯಾಗುತ್ತದೆ.

3. ಲೈನಿಂಗು ರಿವೆಟ್ಟಿನವರೆಗೆ ಸವೆದಿದೆಯೆ? ಸುರುಳಿ ಸ್ಪ್ರಿಂಗಿನ ಕ್ಲಚ್ಚಿನಲ್ಲಿ ಲೈನಿಂಗು ಸವೆದಂತೆ ಒತ್ತಡವೂ ಕುಂದುತ್ತದೆ.

4. ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆ, ಸಣ್ಣ ಬಿರುಕು ಇವೆಯೆ? ಇವು ಅತಿಯಾಗಿ ಕಾದುದರ ಗುರುತು.

5. ಓಡಿಸುವವರು ಕಾಲನ್ನು ಪೆಡಲಿನ ಮೇಲೆಯೇ ಇಟ್ಟುಕೊಳ್ಳುತ್ತಾರೆಯೆ? ಇದು ಗಾಡಿಯ ರೋಗವಲ್ಲ, ಕಾಲಿನ ರೋಗ.

ಈ ಐದನೆಯದರಿಂದ ಆಗುವ ಹಾನಿಯನ್ನೂ ಲೆಕ್ಕ ಹಾಕೋಣ. ಗಾಡಿ ನಿಂತಿದ್ದು ಎಂಜಿನ್ನು 1500 ಸುತ್ತಿನಲ್ಲಿ ಇಪ್ಪತ್ತೊಂದೂವರೆ ಕಿಲೋಗ್ರಾಂ-ಮೀಟರ್ ಬಲದೊಡನೆ ಕ್ಲಚ್ಚನ್ನು ಜಾರಿಸುತ್ತಿದ್ದರೆ, 45 ಅಶ್ವಶಕ್ತಿಯೆಲ್ಲ ಶಾಖವಾಗುತ್ತದೆ. ಒಂದು ಕಿಲೋವಾಟಿನ 33 ಇಸ್ತ್ರಿ ಪೆಟ್ಟಿಗೆಗಳನ್ನು ಕ್ಲಚ್ಚಿನ ಮನೆಯೊಳಗೆ ಇಟ್ಟಂತೆ. ಶಾಖ ಹೀರುವ ಕಬ್ಬಿಣ 10 ಕಿಲೋಗ್ರಾಂ ಇದ್ದರೆ ಹತ್ತು ಸೆಕೆಂಡಿನಲ್ಲಿ 65 ಡಿಗ್ರಿ ಏರುತ್ತದೆ. ಆರಲು ಬಿಡದೆ ಮೂರು ಸಲ ಹೀಗೆ ಮಾಡಿದರೆ ಸಾಮಾನ್ಯ ಲೈನಿಂಗು ಸುಡುವ ಮಟ್ಟ ಮುಟ್ಟುತ್ತದೆ.

ಕಬ್ಬಿನ ಗದ್ದೆಯಲ್ಲಿಯೂ ಇದನ್ನು ನೆನಪಿಡಬೇಕು. ಒಟ್ಟು 15 ಟನ್ ಭಾರ ಡಾಂಬರು ರಸ್ತೆಯ ಮೇಲೆ ಉರುಳಲು 300 ಕಿಲೋಗ್ರಾಂ ಎಳೆತ ಸಾಕಾದರೆ, ಡೋಣಿ ದಂಡೆಯ ಹಸಿ ಎರೆಯಲ್ಲಿ 1500 ಕಿಲೋಗ್ರಾಂ ಮೀರಬಹುದು. ಅಲ್ಲಿ ಮೂರನೆಯ ಗೇರಿನಲ್ಲಿ ಕ್ಲಚ್ಚು ಸವರುತ್ತ ಹೊರಡುವುದು ಸಲ್ಲದು. ಕೆಳಗಿನ ಗೇರಿನಲ್ಲಿ ಹೊರಟು, ಕ್ಲಚ್ಚನ್ನು ನಿಧಾನವಾಗಿ ಆದರೆ ಪೂರ್ತಿಯಾಗಿ ಬಿಟ್ಟು, ಅನಂತರ ವೇಗ ಹೆಚ್ಚಿಸಬೇಕು.

ಆರಿಸುವುದಾದರೆ

ರೋಗವಿಲ್ಲದ ಕ್ಲಚ್ಚೂ ಭಾರಕ್ಕೆ ಸಾಲದೆ ಬಂದರೆ ಮಾರ್ಗಗಳು ನಾಲ್ಕು.

ಒಂದು, ತಯಾರಕರ ಅಳತೆಯ ಹೊಸ ಪ್ಲೇಟು ಮತ್ತು ಹೊಸ ಪ್ರೆಶರ್ ಪ್ಲೇಟನ್ನು ಒಟ್ಟಿಗೆ ಹಾಕಿ, ಫ್ಲೈವೀಲಿನ ಮುಖವನ್ನು ಸರಿಮಾಡಿಸುವುದು. ಹತ್ತರಲ್ಲಿ ಒಂಬತ್ತು ಮಂದಿಗೆ ಇಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ.

ಎರಡು, ಗಟ್ಟಿ ಸ್ಪ್ರಿಂಗು. ಒತ್ತಡ ಶೇಕಡಾ 20 ಹೆಚ್ಚಿದರೆ ಹಿಡಿತವೂ ಅಷ್ಟೇ ಹೆಚ್ಚುತ್ತದೆ. ಆದರೆ ಪೆಡಲೂ ಅಷ್ಟೇ ಭಾರವಾಗುತ್ತದೆ. ಅಲ್ಲದೆ ರಿಲೀಸ್ ಬೇರಿಂಗಿಗೂ ಕ್ರ್ಯಾಂಕಿನ ಥ್ರಸ್ಟ್ ವಾಷರಿಗೂ ಹೆಚ್ಚು ಒತ್ತು ಬೀಳುತ್ತದೆ. ದಿನವಿಡೀ ರಂಟೆ ಹೊಡೆಯುವವರ ಮೊಣಕಾಲು ಇದಕ್ಕೆ ಸಾಕ್ಷಿ ಹೇಳುತ್ತದೆ.

ಮೂರು, ಲೋಹದ ಪುಡಿಯನ್ನು ಒತ್ತಿ ಬೇಯಿಸಿ ಮಾಡಿದ ಬಿಲ್ಲೆಗಳ ಪ್ಲೇಟು. ಇದನ್ನು ಸಿರಾಮಿಕ್ ಪ್ಲೇಟು ಎನ್ನುತ್ತಾರೆ. ಕೆಲವು ಹೆಚ್ಚು ಅಶ್ವಶಕ್ತಿಯ ಟ್ರ್ಯಾಕ್ಟರುಗಳಿಗೆ ಕಾರ್ಖಾನೆಯಿಂದಲೇ ಇದು ಬರುತ್ತದೆ. ಶಾಖ ಚೆನ್ನಾಗಿ ತಾಳುತ್ತದೆ, ಘರ್ಷಣೆಯೂ ಹೆಚ್ಚು. ಅಂಕ 0.4 ಎಂದು ಹಿಡಿದರೆ ನಮ್ಮ ಉದಾಹರಣೆಯ 45 ಸುಮಾರು 60 ಆಗುತ್ತದೆ. ಆದರೆ ಇದು ಮೆದುವಾಗಿ ಹಿಡಿಯುವುದಿಲ್ಲ, ಥಟ್ಟನೆ ಕಚ್ಚುತ್ತದೆ. ಫ್ಲೈವೀಲನ್ನೂ ಬೇಗ ಸವೆಸುತ್ತದೆ. ದ್ರಾಕ್ಷಿ ಸಾಲಿನ ನಡುವೆ ಸಣ್ಣ ಟ್ರ್ಯಾಕ್ಟರಿನಿಂದ ಔಷಧ ಸಿಂಪಡಿಸುತ್ತ ನೂರಾರು ಸಲ ನಿಂತು ಹೊರಡುವ ತಿಕೋಟಾದ ತೋಟಗಾರರಿಗೆ ಇದು ಹೊಂದದು.

ನಾಲ್ಕು, ಎರಡು ಪ್ಲೇಟಿನ ಕ್ಲಚ್ಚು. ಮುಖಗಳು ನಾಲ್ಕಾಗಿ ಹಿಡಿತ ಇಮ್ಮಡಿಯಾಗುತ್ತದೆ. ಇದಕ್ಕೆ ಫ್ಲೈವೀಲೂ ಕ್ಲಚ್ಚಿನ ಮನೆಯೂ ಬೇರೆ ಬೇಕು. ಪಂದ್ಯಕ್ಕೆಂದೇ ಕಟ್ಟಿದ ಯಂತ್ರಗಳಲ್ಲಿ ಇಂಥವು ಇರುತ್ತವೆ. ಹೊಲದ ಟ್ರ್ಯಾಕ್ಟರಿಗೆ ಇದು ಸಲ್ಲದು.

ಗಟ್ಟಿ ಕ್ಲಚ್ಚಿನ ಇನ್ನೊಂದು ಮುಖ

ಪೆಡಲಿನಿಂದ ಕಾಲನ್ನು ಒಮ್ಮೆಲೆ ತೆಗೆದಾಗ ಗೇರಿನ ಕಡೆಗೆ ಹೋಗುವುದು ಎಂಜಿನ್ನಿನ ಬಲವೊಂದೇ ಅಲ್ಲ. ತಿರುಗುವ ಫ್ಲೈವೀಲಿನ ಹೊಡೆತವೂ ಅದಕ್ಕೆ ಸೇರುತ್ತದೆ. ಆ ಹೊಡೆತ ಎಷ್ಟು ದೊಡ್ಡದಾಗಬಹುದು? ಕ್ಲಚ್ಚು ಜಾರುವ ಮಟ್ಟದವರೆಗೆ. ಅಂದರೆ 45ರ ಕ್ಲಚ್ಚು 45ಕ್ಕೆ ಜಾರಿ ಗೇರನ್ನು ಉಳಿಸುತ್ತದೆ. 90ರ ಕ್ಲಚ್ಚು 90ರವರೆಗೂ ಬಿಡುತ್ತದೆ. ಕ್ಲಚ್ಚು ಒಂದರ್ಥದಲ್ಲಿ ಮನೆಯ ಫ್ಯೂಸ್ ತಂತಿಯಿದ್ದಂತೆ. ಚಕ್ರದ ಜಾರಿಕೆ ಇನ್ನೊಂದು ಫ್ಯೂಸು. ಪಂದ್ಯಕ್ಕೆಂದು ಚಕ್ರಕ್ಕೆ ಭಾರ ಹೇರಿ, ಕ್ಲಚ್ಚನ್ನೂ ಗಟ್ಟಿ ಮಾಡಿದರೆ ಎರಡು ಫ್ಯೂಸುಗಳನ್ನೂ ಕಿತ್ತು ದಪ್ಪ ತಂತಿ ಕಟ್ಟಿದಂತಾಯಿತು. ಆಗ ಮುರಿಯುವುದು ಶಾಫ್ಟು, ಗೇರಿನ ಹಲ್ಲು ಇಲ್ಲವೆ ಆಕ್ಸಲು.

ಇದು ಪುಸ್ತಕದ ಮಾತಲ್ಲ. ಓದು ಮುಗಿಸಿ ಬಂದ ಹೊಸತರಲ್ಲಿ ನಮ್ಮ ಅಣ್ಣನ ಟ್ರ್ಯಾಕ್ಟರಿಗೆ ನಾನೇ ನಿಂತು ಗಟ್ಟಿ ಸ್ಪ್ರಿಂಗು, ಸಿರಾಮಿಕ್ ಪ್ಲೇಟು ಹಾಕಿಸಿದ್ದೆ. ಕ್ಲಚ್ಚು ಜಾರಲಿಲ್ಲ. ಕಬ್ಬಿನ ಹಂಗಾಮಿನ ನಡುವೆ ಒಂದು ರಾತ್ರಿ ಕೆಸರಿನಿಂದ ಟ್ರೇಲರ್ ಎಳೆಯುವಾಗ ಗೇರ್‌ಬಾಕ್ಸಿನ ಶಾಫ್ಟು ಮುರಿಯಿತು. ಕಡಿದ ಕಬ್ಬು ಹೊಲದಲ್ಲಿ ಒಣಗಿತು, ಬಾಡಿಗೆ ಹೋಯಿತು, ಆ ವರ್ಷದ ಕಂತು ತಪ್ಪಿತು. ಅಣ್ಣ ಬೈಯಲಿಲ್ಲ. "ಮಿಣಿ ಗಟ್ಟಿ ಮಾಡಿದಿ, ನೊಗ ನೋಡಲಿಲ್ಲ" ಎಂದಷ್ಟೇ ಹೇಳಿದ. ಆ ಮಾತನ್ನು ನಾನು ಮರೆತಿಲ್ಲ.

ಪ್ರಾಣದ ಮಾತು

ಗಾಡಿ ಮುರಿದರೆ ಕಟ್ಟಿಸಬಹುದು. ಜಾರದ ಕ್ಲಚ್ಚು, ಜಾರದ ಚಕ್ರ, ಹಿಂದೆ ಅಲುಗದ ಭಾರ ಮೂರೂ ಸೇರಿದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಹಿಂದಕ್ಕೆ ಮಗುಚಿ ಬೀಳಲು ಒಂದೂವರೆ ಸೆಕೆಂಡು ಸಾಕು. ಮುಕ್ಕಾಲು ಸೆಕೆಂಡು ಕಳೆದರೆ ಕ್ಲಚ್ಚು ತುಳಿದರೂ ಉಳಿಗಾಲವಿಲ್ಲ. ಸರಪಳಿಯನ್ನು ಹಿಂದಿನ ಆಕ್ಸಲಿಗಿಂತ ಮೇಲೆ ಎಂದೂ ಕಟ್ಟಬಾರದು. ಕೆಳಗಿನ ಡ್ರಾಬಾರಿಗೇ ಕಟ್ಟಬೇಕು.

ಅಮೆರಿಕದಲ್ಲಿ ಭಾರ ಎಳೆಯುವ ಟ್ರ್ಯಾಕ್ಟರ್ ಪಂದ್ಯಕ್ಕೆ 1969ರಲ್ಲಿಯೇ ರಾಷ್ಟ್ರೀಯ ಸಂಘವಾಯಿತು. ಅಲ್ಲಿಯ ಪಂದ್ಯದ ಯಂತ್ರಗಳಿಗೆ ಹಿಂದಕ್ಕೆ ಮಗುಚದಂತೆ ಆಧಾರದ ಚಕ್ರ, ಕ್ಲಚ್ಚು ಸಿಡಿದರೆ ಚೂರು ಹೊರಬರದಂತೆ ಉಕ್ಕಿನ ಕವಚ, ದೂರದಿಂದ ಎಂಜಿನ್ ನಿಲ್ಲಿಸುವ ಸ್ವಿಚ್ಚು ಇರುತ್ತವೆ. ನಮ್ಮ ಜಾತ್ರೆಯ ಬಯಲಿನಲ್ಲಿ ಮಕ್ಕಳು ಚಕ್ರದ ಪಕ್ಕದಲ್ಲಿಯೇ ನಿಂತಿರುತ್ತಾರೆ. 2023ರ ಅಕ್ಟೋಬರಿನಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಕ್ರೀಡಾಮೇಳದಲ್ಲಿ ಟ್ರ್ಯಾಕ್ಟರ್ ಸಾಹಸ ತೋರಿಸುತ್ತಿದ್ದ ತರುಣನೊಬ್ಬ ಅದೇ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತ. ಅಲ್ಲಿಯ ಸರಕಾರ ಅಂಥ ಸಾಹಸಗಳನ್ನು ನಿಷೇಧಿಸಿತು. ಇನ್ನೊಂದು ಮಾತು: ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ.

ಮುಕ್ತಾಯ

ತಿಕೋಟಾದ ಆ ಟ್ರ್ಯಾಕ್ಟರನ್ನು ಬಿಚ್ಚಿಸಿ ನೋಡಿದಾಗ ಎಂಜಿನ್ನಿನ ಹಿಂದಿನ ಸೀಲು ಸೋರಿ ಪ್ಲೇಟು ಎಣ್ಣೆಯಲ್ಲಿ ತೊಯ್ದಿತ್ತು. ಸೀಲು, ಪ್ಲೇಟು ಬದಲಾಯಿಸಿ, ಪಂಪನ್ನು ಮೊದಲಿನ ಅಳತೆಗೆ ತಂದರು. ಈಗ ಎರಡು ಟ್ರೇಲರು ಜಾರದೆ ಎಳೆಯುತ್ತದೆ. ತರುಣರು ಈ ಸಲ ಟ್ರೇಲರನ್ನು ಹಿಂದಕ್ಕೆ ಓಡಿಸುವ ಪಂದ್ಯಕ್ಕೆ ಹೆಸರು ಕೊಡುವರಂತೆ. ಅಲ್ಲಿ ಪರೀಕ್ಷೆ ಕ್ಲಚ್ಚಿನ ಬಲಕ್ಕಲ್ಲ, ಓಡಿಸುವವರ ಕೈಗೂ ಕಣ್ಣಿಗೂ. ತಂದೆಯವರೂ ನೋಡಲು ಹೋಗುತ್ತಾರೆಂದು ತಿಳಿಯಿತು.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲು ಸೋರಿಕೆ ನಿಲ್ಲಿಸಿ, ಪೆಡಲಿನ ಸಡಿಲು ಸರಿಮಾಡಿ, ಕಾಲನ್ನು ಪೆಡಲಿನಿಂದ ದೂರವಿಡಿ. ಆಮೇಲೂ ಕ್ಲಚ್ಚು ಸಾಲದಿದ್ದರೆ ಭಾರ ಹೆಚ್ಚಾಯಿತೆಂದು ತಿಳಿಯಿರಿ. ನಾಳೆ ಬೆಳಿಗ್ಗೆ ನಿಮ್ಮ ಗಾಡಿಯ ಕ್ಲಚ್ಚಿನ ಮನೆಯ ಕೆಳಗೆ ಒಮ್ಮೆ ಕೈಯಾಡಿಸಿ ನೋಡಿ. ಬೆರಳಿಗೆ ಎಣ್ಣೆ ಹತ್ತಿದರೆ ಹಂಗಾಮಿಗೆ ಮುಂಚೆಯೇ ರಿಪೇರಿ ಮುಗಿಸಿಕೊಳ್ಳಿ.