ಮುನ್ನೂರು ರೂಪಾಯಿ ಮತ್ತು ಮೂರು ತಕ್ಕಡಿ



ಭಾನುವಾರ ಬೆಳಿಗ್ಗೆ ಅಬಿಡ್ಸ್ ಕಡೆಗೆ ಹೋದವರಿಗೆ ಆ ನೋಟ ಗೊತ್ತು. ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅವುಗಳ ಮುಂದಿನ ಫುಟ್‌ಪಾತ್ ಮೇಲೆ ಹಳೆಯ ಪುಸ್ತಕಗಳ ರಾಶಿ ಬಿದ್ದಿರುತ್ತದೆ. ಇಂಗ್ಲಿಷ್, ತೆಲುಗು, ಉರ್ದು ಪುಸ್ತಕಗಳ ನಡುವೆ ಅಪರೂಪಕ್ಕೆ ಒಂದು ಕನ್ನಡ ಪುಸ್ತಕ ಸಿಕ್ಕರೆ ನನ್ನಂಥವರಿಗೆ ಊರಿನವರೇ ಎದುರಾದಷ್ಟು ಸಂತೋಷ. ಆರನೆಯ ನಿಜಾಮರ ಬಳಿ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಎಂಬುವರ ಅಂಗಡಿಯಿಂದ ಈ ಜಾಗಕ್ಕೆ ಹೆಸರು ಬಂತಂತೆ. ಒಟ್ಟಿನಲ್ಲಿ ಹೆಸರಿನಲ್ಲೇ ವ್ಯಾಪಾರ ಇರುವ ಜಾಗ. ಇವತ್ತಿನ ನನ್ನ ಮಾತು ಕೂಡ ಒಂದು ವ್ಯಾಪಾರದ್ದೇ.

ಕೆಲವು ತಿಂಗಳ ಹಿಂದೆ ಅಲ್ಲಿ ಎರಡು ಪುಸ್ತಕ ಕೊಂಡೆ. ಬೆಲೆ 130 ರೂಪಾಯಿ. ಇನ್ನೂರರ ನೋಟು ಕೊಟ್ಟು, ಚಿಲ್ಲರೆಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು ನೋಡಿದರೆ 370 ರೂಪಾಯಿ ಇದೆ. ನಾನು ಕೊಟ್ಟದ್ದು ಐನೂರು ಎಂದುಕೊಂಡು ಅವರು ಚಿಲ್ಲರೆ ಕೊಟ್ಟಿದ್ದರು. ಮುನ್ನೂರು ಹೆಚ್ಚಿಗೆ ಬಂದಿತ್ತು.

ಹಿಂದಿರುಗಿಸಬೇಕು ಎಂದು ಮೊದಲು ಅನ್ನಿಸಿದ್ದು ನಿಜ. ಆದರೆ ಬಿಸಿಲು ಏರಿತ್ತು. "ಅವರಿಗೆ ಗೊತ್ತೇ ಆಗುವುದಿಲ್ಲ, ಹೋದ ಸಲ ನನ್ನಿಂದ ಹೆಚ್ಚು ತೆಗೆದುಕೊಂಡಿರಲಿಲ್ಲವೆ, ಮುಂದಿನ ವಾರ ನೋಡೋಣ" ಎಂದು ಮನಸ್ಸು ಒಂದೊಂದೇ ನೆಪ ಹುಡುಕಿತು. ಮನಸ್ಸಿಗಿಂತ ಜಾಣ ವಕೀಲ ಬೇರೆ ಇಲ್ಲ ನೋಡಿ.

ಆ ರಾತ್ರಿ ಬಿ.ಎ. ಓದುವಾಗ ಕಲಿತ ನೀತಿಶಾಸ್ತ್ರ ನೆನಪಾಯಿತು. ಅಲ್ಲಿ ಮುಖ್ಯವಾಗಿ ಮೂರು ತಕ್ಕಡಿಗಳಿವೆ.

ಮೊದಲನೆಯದು ಫಲದ ತಕ್ಕಡಿ. ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ, ಅನಂತರ ಜಾನ್ ಸ್ಟುವರ್ಟ್ ಮಿಲ್ ಇದನ್ನು ತಿದ್ದಿ ಬೆಳೆಸಿದ. ಒಂದು ಕೆಲಸದಿಂದ ಎಲ್ಲರಿಗೂ ಸೇರಿ ಸುಖ ಹೆಚ್ಚುತ್ತದೆಯೆ, ದುಃಖ ಹೆಚ್ಚುತ್ತದೆಯೆ ಎಂದು ಲೆಕ್ಕ ಹಾಕು, ಅಷ್ಟೆ. ಎರಡನೆಯದು ಕರ್ತವ್ಯದ ತಕ್ಕಡಿ. ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಹೇಳಿದ್ದು ಇದು: ನೀನು ನಡೆಯುವ ನಿಯಮ ಎಲ್ಲರಿಗೂ ನಿಯಮವಾಗಬಹುದೆ ಎಂದು ಕೇಳಿಕೊ, ಯಾವ ಮನುಷ್ಯನನ್ನೂ ಬರಿಯ ಸಾಧನವಾಗಿ ಬಳಸಬೇಡ. ಮೂರನೆಯದು ಎಲ್ಲಕ್ಕಿಂತ ಹಳೆಯದು, ಗ್ರೀಸಿನ ಅರಿಸ್ಟಾಟಲನದು. "ಏನು ಮಾಡಬೇಕು?" ಎನ್ನುವುದಕ್ಕಿಂತ "ಎಂಥವನಾಗಬೇಕು?" ಎಂಬುದೇ ಅವನ ಪ್ರಶ್ನೆ. ವೀಣೆ ನುಡಿಸಿ ನುಡಿಸಿ ವೈಣಿಕನಾಗುವ ಹಾಗೆ, ನ್ಯಾಯವಾಗಿ ನಡೆದು ನಡೆದೇ ನ್ಯಾಯವಂತನಾಗಬೇಕು.

ಕಾಂಟ್ ಕೊಡುವ ಒಂದು ಉದಾಹರಣೆ ಅಬಿಡ್ಸ್‌ಗೇ ಹೇಳಿ ಮಾಡಿಸಿದಂತಿದೆ. ಅಂಗಡಿಯವನೊಬ್ಬ ಬೆಲೆ ಗೊತ್ತಿಲ್ಲದ ಗಿರಾಕಿಗೂ ಸರಿಯಾದ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯವನೇ. ಆದರೆ ಹೆಸರು ಕೆಟ್ಟರೆ ವ್ಯಾಪಾರ ಕೆಡುತ್ತದೆ ಎಂದು ಹಾಗೆ ಮಾಡಿದರೆ ಅದು ಜಾಣತನ, ಮಾಡಬೇಕಾದದ್ದು ಎಂದು ಮಾಡಿದರೆ ಮಾತ್ರ ನೀತಿ ಎನ್ನುತ್ತಾನೆ ಕಾಂಟ್. ಬೆಂಥಾಮನನ್ನು ಕೇಳಿದರೆ, ಗಿರಾಕಿಗೆ ಮೋಸವಾಗಲಿಲ್ಲವಲ್ಲ, ಸಾಕು ಎಂದಾನು.

ಇದು ಬರಿಯ ಪುಸ್ತಕದ ಜಗಳವಲ್ಲ. ನಮ್ಮ ಊರಿನ ನೀರಿನಲ್ಲೇ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಸತ್ತವರು ಸಾವಿರಾರು ಜನ. ಅಬಿಡ್ಸ್‌ನಿಂದ ಹೆಚ್ಚು ದೂರವಿಲ್ಲದ ಅಫ್ಜಲ್‌ಗಂಜ್‌ನಲ್ಲಿ, ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರ ಹತ್ತಿ ಸುಮಾರು 150 ಮಂದಿ ಬದುಕಿಕೊಂಡರೆಂದು ಹೇಳುತ್ತಾರೆ. ಆಮೇಲೆ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಮೇಲೆ ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕೆಂದು ಅವರು ಸಲಹೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ್, 1927ರಲ್ಲಿ ಹಿಮಾಯತ್ ಸಾಗರ್ ಮುಗಿದವು. ನಗರಕ್ಕೆ ರಕ್ಷಣೆಯೂ ಆಯಿತು, ಕುಡಿಯುವ ನೀರೂ ಸಿಕ್ಕಿತು. ಫಲದ ತಕ್ಕಡಿಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಉಂಟೆ?

ಆದರೆ ಆ ಕೆರೆಗಳನ್ನು ಕಾಪಾಡಲು 1996ರಲ್ಲಿ ಸುತ್ತಲಿನ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ಕಟ್ಟುನಿಟ್ಟಿನ ಆದೇಶ ಬಂತು. "ನಿಮ್ಮ ನೀರಿಗಾಗಿ ನಮ್ಮ ಜಮೀನಿನ ಬೆಲೆ ಏಕೆ ಬೀಳಬೇಕು?" ಎಂದು ಅಲ್ಲಿಯವರು ಕೇಳಿದರು. 2022ರಲ್ಲಿ ಸರ್ಕಾರ ಆ ನಿರ್ಬಂಧ ತೆಗೆಯುವ ಆದೇಶ ಹೊರಡಿಸಿದಾಗ, ಕೆರೆಗಳ ಗತಿ ಏನು ಎಂದು ನಗರದವರು ಕೇಳಿದರು. ಹಳ್ಳಿಯವರ ಪ್ರಶ್ನೆ ಕಾಂಟನದು, ನಗರದವರದು ಬೆಂಥಾಮನದು. ಎರಡನ್ನೂ ತಳ್ಳಿಹಾಕುವ ಹಾಗಿಲ್ಲ.

ಈ ಮೂರು ತಕ್ಕಡಿಗಳನ್ನು ಒಟ್ಟಿಗೆ ಹಿಡಿದವರು ಯಾರಾದರೂ ಇದ್ದಾರೆಯೆ ಎಂದರೆ ನನಗೆ ನೆನಪಾಗುವುದು ನಮ್ಮ ಪುಣ್ಯಕೋಟಿ. ಮಾತು ಕೊಟ್ಟಿದ್ದೇನೆಂದು ಹುಲಿಯ ಬಳಿಗೆ ಹೊರಟಳು, ಅದು ಕರ್ತವ್ಯ. ಆದರೆ ಸುಮ್ಮನೆ ಹೊರಡಲಿಲ್ಲ. ತಬ್ಬಲಿಯಾಗುವ ಕರುವನ್ನು ಜೊತೆಯ ಹಸುಗಳ ಕೈಗೆ ಒಪ್ಪಿಸಿ ಹೊರಟಳು. ತನ್ನ ಸತ್ಯದ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗುತ್ತದೆ ಎಂಬ ಎಚ್ಚರ ಅವಳಿಗಿತ್ತು. ಚಿಕ್ಕಂದಿನಲ್ಲಿ ಆ ಹಾಡು ಕೇಳಿ ಅಳುತ್ತಿದ್ದಾಗ ಈ ಭಾಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಬಂದದ್ದು ಯಾವಾಗ ಎಂದರೆ, ಮುಂದಿನ ಭಾನುವಾರ ಮುನ್ನೂರು ರೂಪಾಯಿ ಹಿಡಿದು ಅಬಿಡ್ಸ್‌ಗೆ ಹೋದಾಗ. ದುಡ್ಡು ಕೈಗಿಟ್ಟು ವಿಷಯ ಹೇಳಿದೆ. ಹೊಗಳುತ್ತಾರೆಂದು ಒಳಗೊಳಗೇ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಂಗಡಿಯ ಚಾಚಾ ನೋಟು ನೋಡಿ ಸುಮ್ಮನಾದರು. ಅಂದು ಸಂಜೆ ಲೆಕ್ಕದಲ್ಲಿ ಮುನ್ನೂರು ಕಡಿಮೆ ಬಂದಿತ್ತಂತೆ. ಜೊತೆಗಿದ್ದ ಹುಡುಗನೇ ತೆಗೆದಿರಬೇಕೆಂದು ಬೈದು, ಅವನ ಕೂಲಿಯಲ್ಲಿ ಹಿಡಿದುಕೊಂಡಿದ್ದರಂತೆ. ಆ ಭಾನುವಾರ ಹುಡುಗ ಬಂದಿರಲಿಲ್ಲ. ನನ್ನೆದುರೇ ಫೋನ್ ಮಾಡಿದರು. ಅವನು ಎತ್ತಲಿಲ್ಲ.

ಯಾರಿಗೂ ನಷ್ಟವಿಲ್ಲ ಎಂದು ನಾನು ಹಾಕಿದ್ದ ಲೆಕ್ಕದಲ್ಲಿ ಆ ಹುಡುಗ ಇರಲೇ ಇಲ್ಲ. ಹಣ ಹಿಂದಿರುಗಿಸಿದೆ, ಕರ್ತವ್ಯ ಮುಗಿಯಿತು ಎನ್ನಬಹುದಿತ್ತು. ಆದರೆ ಒಂದು ವಾರದ ನನ್ನ ಸೋಮಾರಿತನಕ್ಕೆ ಅವನು ಕಳ್ಳನೆನಿಸಿಕೊಂಡಿದ್ದ. ಅರಿಸ್ಟಾಟಲನ ಮಾತಿನ ಅರ್ಥ ಆಗ ತಿಳಿಯಿತು. ಸರಿಯಾದದ್ದನ್ನು ಸರಿಯಾದ ಹೊತ್ತಿಗೆ ಮಾಡುವುದು ಅಭ್ಯಾಸವಾಗಿದ್ದರೆ, ಅಂದು ಮಧ್ಯಾಹ್ನವೇ ನನ್ನ ಕಾಲು ಚಪ್ಪಲಿ ಮೆಟ್ಟುತ್ತಿತ್ತು.

ಮತ್ತೊಂದು ವಾರಕ್ಕೆ ಹುಡುಗ ಬಂದಿದ್ದ. ತಪ್ಪು ನನ್ನದು, ಕ್ಷಮಿಸಪ್ಪ ಎಂದೆ. "ಕೋಯಿ ಬಾತ್ ನಹೀ" ಎಂದು ಪುಸ್ತಕ ಜೋಡಿಸುತ್ತಲೇ ಇದ್ದ. ಮುಖ ಎತ್ತಿ ನೋಡಲಿಲ್ಲ.

ಮೂರು ತಕ್ಕಡಿಗಳಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವಷ್ಟು ನಾನು ದೊಡ್ಡವನಲ್ಲ. ಆದರೆ ಈಗ ಯಾವ ಅಂಗಡಿಯ ಮುಂದೆ ನಿಂತರೂ ಚಿಲ್ಲರೆಯನ್ನು ಅಲ್ಲೇ ಎಣಿಸುತ್ತೇನೆ. ಕಡಿಮೆ ಬಂದಿದೆಯೆ ಎಂದು ಮಾತ್ರವಲ್ಲ, ಹೆಚ್ಚು ಬಂದಿದೆಯೆ ಎಂದೂ.