ಹಲ್ಲಿನ ಚಿಕಿತ್ಸೆಯ ನಂತರ ಬರುವ ಊತ ಮತ್ತು ಬಾಯಿಹುಣ್ಣು

(ರಾಜೀವನಗರದಲ್ಲಿ ರೋಗಿಗಳು ಹಾಗೂ ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಹಲ್ಲು ಕೀಳಿಸಿಕೊಂಡು ಹೋದವರಲ್ಲಿ ಹಲವರು ಮೂರನೆಯ ದಿನ ಬೆಳಿಗ್ಗೆ ಗಾಬರಿಯಿಂದ ವಾಪಸು ಬರುತ್ತಾರೆ. "ಡಾಕ್ಟ್ರೇ, ಮೊದಲ ದಿನ ಇಷ್ಟು ಊದಿರಲಿಲ್ಲ, ಈಗ ಜಾಸ್ತಿಯಾಗಿದೆ" ಎನ್ನುತ್ತಾರೆ. ಅವರು ಹೇಳುವುದು ನಿಜ. ಆದರೆ ಹೆಚ್ಚಿನ ಸಲ ಅದು ಭಯಪಡುವ ವಿಷಯವಲ್ಲ. ಬುದ್ಧಿಹಲ್ಲನ್ನು, ಅಂದರೆ ಈ ಬಡಾವಣೆಯ ಅನೇಕ ಮನೆಗಳಲ್ಲಿ ಅಕಲ್ ದಾಢ್ ಎನ್ನುತ್ತಾರಲ್ಲ ಅದನ್ನು, ವಸಡು ಕೊಯ್ದು ತೆಗೆದಾಗ ಊತವು 2ರಿಂದ 3ನೆಯ ದಿನಕ್ಕೆ ಅತಿ ಹೆಚ್ಚಾಗುತ್ತದೆ. ಆಮೇಲೆ ಇಳಿಯತೊಡಗಿ ಸುಮಾರು ಒಂದು ವಾರದಲ್ಲಿ ಬಹುಪಾಲು ಹೋಗುತ್ತದೆ. ಆದ್ದರಿಂದ ಊತ ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ಕಡೆಗೆ ಸಾಗುತ್ತಿದೆ ಎಂದು ನೋಡಿ. ಮೂರು ದಿನ ಕಳೆದ ಮೇಲೂ ಏರುತ್ತಿದ್ದರೆ, ಅಥವಾ ಒಮ್ಮೆ ಇಳಿದು ಮತ್ತೆ ಏರಿದರೆ, ಆಗ ಬರಲೇಬೇಕು.

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಹೊರಗೆ 10 ನಿಮಿಷ ಇಟ್ಟು, 10 ನಿಮಿಷ ಬಿಟ್ಟು ಮತ್ತೆ ಇಡಿ. ಮಲಗುವಾಗ ತಲೆಗೆ ಎರಡು ದಿಂಬು ಇರಲಿ. ಆ ದಿನ ಬಾಯಿ ಮುಕ್ಕಳಿಸಬೇಡಿ, ಪದೇಪದೇ ಉಗುಳಬೇಡಿ, ಎಳನೀರಾದರೂ ಸರಿ, ಕೊಳವೆಯಲ್ಲಿ ಹೀರಬೇಡಿ. ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅಲ್ಲಿನ ಔಷಧಿ. ಅದು ಕಿತ್ತುಬಂದರೆ ಮೂಳೆ ತೆರೆದುಕೊಂಡು, ಮೂರು ನಾಲ್ಕನೆಯ ದಿನಕ್ಕೆ ಕಿವಿಯವರೆಗೂ ಸೆಳೆಯುವ ನೋವು ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಈ ತೊಂದರೆ ಹೆಚ್ಚು. ಎರಡನೆಯ ದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಪ್ರತಿ ಸಲವೂ ಮೆತ್ತಗೆ ಮುಕ್ಕಳಿಸಿ. ಆರಿಸಿದ ರಾಗಿ ಅಂಬಲಿ, ಮೊಸರನ್ನ, ಮೆತ್ತನೆಯ ಇಡ್ಲಿ ಸಾಕು.

ಇನ್ನು ಹುಣ್ಣಿನ ಮಾತು. ಮರಗಟ್ಟುವ ಇಂಜೆಕ್ಷನ್ನಿನ ಪ್ರಭಾವ ತುಟಿಯಲ್ಲಿ ಕೆಲವು ಗಂಟೆ ಇರುತ್ತದೆ. ಮಕ್ಕಳು "ಏನೋ ದಪ್ಪಗಾಗಿದೆ" ಎಂದು ತಮಾಷೆಗೆ ತುಟಿ ಕಚ್ಚುತ್ತಾ ಕೂರುತ್ತವೆ. ನೋವಿಲ್ಲದ ಕಾರಣ ನಿಲ್ಲಿಸುವುದೇ ಇಲ್ಲ. ಮಾರನೆಯ ದಿನ ತುಟಿ ಊದಿ ಬಿಳಿಯ ಪದರ ಕಟ್ಟಿರುತ್ತದೆ. ಅದನ್ನು ಕೀವೆಂದು ಭಾವಿಸಿ ಕೆರೆಯಬೇಡಿ. ಅದು ತಾನಾಗಿಯೇ ಮಾಯುತ್ತದೆ. ಮರಗಟ್ಟು ಬಿಡುವ ತನಕ ಮಗುವಿಗೆ ಊಟ ಕೊಡದೆ ಪಕ್ಕದಲ್ಲೇ ಕುಳಿತುಕೊಳ್ಳುವುದು ತಾಯಿಯ ಕೆಲಸ, ಅಥವಾ ತಂದೆಯ ಕೆಲಸ, ತಂದೆಯರೂ ಮಾಡಬಹುದು!

ದೊಡ್ಡವರಲ್ಲಿ ಹತ್ತಿ ಉಜ್ಜಿ, ಉಪಕರಣ ತಾಗಿ, ಕ್ಲಿಪ್ಪಿನ ತಂತಿ ಚುಚ್ಚಿ ಹುಣ್ಣಾಗುತ್ತದೆ. ಇವು ಸಾಮಾನ್ಯವಾಗಿ 7ರಿಂದ 14 ದಿನದಲ್ಲಿ ಮಾಯುತ್ತವೆ. ಹೊಸ ಹಲ್ಲುಸೆಟ್ಟಿನ ಅಂಚು ಒತ್ತಿ ಹುಣ್ಣಾದರೆ ಮನೆಯಲ್ಲಿ ಅರದಿಂದ ಉಜ್ಜಬೇಡಿ. ನೋವಿದ್ದರೆ ತೆಗೆದಿಡಿ, ಆದರೆ ತೋರಿಸಲು ಬರುವ ದಿನ ಕೆಲವು ಗಂಟೆ ಹಾಕಿಕೊಂಡೇ ಬನ್ನಿ. ಒತ್ತಿದ ಗುರುತು ಕಂಡರೆ ಎಲ್ಲಿ ಉಜ್ಜಬೇಕೆಂದು ವೈದ್ಯರಿಗೆ ತಿಳಿಯುತ್ತದೆ.

ನೋವಿನ ಜಾಗಕ್ಕೆ ಆಸ್ಪಿರಿನ್ ಮಾತ್ರೆ ಒತ್ತಿ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ. ಅದು ಆಮ್ಲ, ವಸಡನ್ನು ಸುಡುತ್ತದೆ. ಎಲೆಯಡಿಕೆಯ ಸುಣ್ಣವೂ ಅಷ್ಟೇ. ಲವಂಗದ ಎಣ್ಣೆಯನ್ನು ಹಾಗೇ ಸುರಿದರೂ ಅಷ್ಟೇ. ನಮ್ಮ ಕಡೆ ನಂಜನಗೂಡು ಹಲ್ಲುಪುಡಿಗೆ ಹೆಸರಿದೆ, ಆದರೆ ಯಾವ ಪುಡಿಯನ್ನೂ ಗಾಯದ ಗುಳಿಗೆ ತುಂಬಬಾರದು. ಇನ್ನೊಂದು ಮುಖ್ಯ ವಿಚಾರ: ಎಲೆಯಡಿಕೆ, ತಂಬಾಕು ಅಗಿಯುವವರಲ್ಲಿ 2–3 ವಾರವಾದರೂ ಮಾಯದ ಹುಣ್ಣಿದ್ದರೆ, ನೋವಿಲ್ಲದಿದ್ದರೂ ಪರೀಕ್ಷೆ ಮಾಡಿಸಲೇಬೇಕು. ಕ್ಯಾನ್ಸರ್ ಶುರುವಿನಲ್ಲಿ ನೋಯದೆ ಇರಬಹುದು. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದ್ದಾರೆ, ಆದರೆ ಅಡಿಕೆ ತಂಬಾಕು ಬೇರೆ ಬೇರೆ ಪೊಟ್ಟಣದಲ್ಲಿ ಬಾಯಿಗೆ ಬೀಳುತ್ತಲೇ ಇವೆ.

ಈಗ ಹೇಳುವುದನ್ನು ಜೊತೆಯಲ್ಲಿ ಬಂದವರು ವಿಶೇಷವಾಗಿ ಕೇಳಬೇಕು. ಕೆಳದವಡೆಯ ಹಲ್ಲಿನ ಕೀವು ಕೆಲವೊಮ್ಮೆ ನಾಲಿಗೆಯ ಅಡಿಗೆ, ಗದ್ದದ ಕೆಳಗೆ, ಕುತ್ತಿಗೆಗೆ ಹರಡುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯ ಲುಡ್ವಿಗ್ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾಗುತ್ತದೆ, ನಾಲಿಗೆ ಮೇಲಕ್ಕೆ ಎದ್ದು ಬರುತ್ತದೆ, ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಧ್ವನಿ ಬದಲಾಗುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಇಲ್ಲಿ ಶಾಖ ಕೊಡುತ್ತಾ ಬೆಳಗಾಗಲಿ ಎಂದು ಕಾಯುವಂತಿಲ್ಲ. ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ರೋಗಿಯನ್ನು ಮಲಗಿಸದೆ ಕೂರಿಸಿಕೊಂಡೇ, 108ಕ್ಕೆ ಕರೆಮಾಡಿ, ಕೆ.ಆರ್. ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ರಾತ್ರಿಯೇ ಕರೆದೊಯ್ಯಿರಿ. ಊತ ಕಣ್ಣಿನವರೆಗೆ ಏರಿ ಕಣ್ಣು ಮುಚ್ಚಿಕೊಂಡರೂ, ಹೊಸ ಮಾತ್ರೆ ನುಂಗಿದೊಡನೆ ತುಟಿ, ಕಣ್ಣರೆಪ್ಪೆ ಊದಿ ಮೈಯೆಲ್ಲ ದದ್ದು ಎದ್ದರೂ ಇದೇ ಅವಸರ ಇರಲಿ.

ಸಕ್ಕರೆ ಕಾಯಿಲೆಯವರಲ್ಲಿ ಕೀವು ಬೇಗ ಹರಡುತ್ತದೆ. ಜ್ವರ ಬಂದರೆ, ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯದಿದ್ದರೆ ಅದೇ ದಿನ ತೋರಿಸಿ. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಪಕ್ಕದ ಮನೆಯವರು ಉಳಿಸಿಟ್ಟ ಎರಡು ಆಂಟಿಬಯಾಟಿಕ್ ಕ್ಯಾಪ್ಸೂಲ್ ನುಂಗುವುದೂ ಬೇಡ. ಕೀವು ಕಟ್ಟಿದ್ದರೆ ಅದನ್ನು ಹೊರತೆಗೆಯಬೇಕು, ಮಾತ್ರೆಯೊಂದರಿಂದಲೇ ಅದು ಹೋಗುವುದಿಲ್ಲ. ರೋಜಾ ಹಿಡಿಯುವವರು ಮೊದಲೇ ತಿಳಿಸಿದರೆ ಮಾತ್ರೆಯ ಹೊತ್ತನ್ನು ಸಹರಿ, ಇಫ್ತಾರಿಗೆ ಹೊಂದಿಸಿಕೊಡಬಹುದು; ಕೀವಿನ ಊತಕ್ಕೆ ಮಾತ್ರ ಹಬ್ಬ ಮುಗಿಯಲಿ ಎನ್ನಬೇಡಿ.

ಹಲ್ಲು ಕಿತ್ತ ವೈದ್ಯರ ಬಳಿಗೇ ಮೊದಲು ಹೋಗುವುದು ಒಳ್ಳೆಯದು. ಆಗದಿದ್ದರೆ ಬನ್ನಿಮಂಟಪದ ಕಡೆ ಜೆ.ಎಸ್.ಎಸ್. ದಂತ ಕಾಲೇಜು, ತಿಲಕ್‌ನಗರದಲ್ಲಿ ಫಾರೂಕಿಯಾ ದಂತ ಕಾಲೇಜು ಇವೆ. ಎಲ್ಲಿಗೇ ಹೋದರೂ ಹಳೆಯ ಚೀಟಿ, ಎಕ್ಸ್‌ರೇ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಊತ ಯಾವ ದಿನ ಶುರುವಾಯಿತು, ಜ್ವರ ಯಾವಾಗ ಬಂತು ಎಂಬುದನ್ನು ಆ ಚೀಟಿಯ ಹಿಂದೆಯೇ ಬರೆದಿಡಿ.