ಬಲಿಯ ಲೆಕ್ಕ

ನಮ್ಮ ಭಾಷೆಯಲ್ಲಿ ‘ತ್ಯಾಗ’ ಎಂಬ ಮಾತು ಬೇರೆ, ‘ಬಲಿ’ ಎಂಬ ಮಾತು ಬೇರೆ. ತ್ಯಾಗಿಯಾದವನು ತನ್ನದನ್ನು ತಾನೇ ಬಿಡುತ್ತಾನೆ. ಬಲಿ ಕೊಡುವವನು ಇನ್ನೊಂದು ಜೀವವನ್ನು ಮುಂದೊಡ್ಡುತ್ತಾನೆ. ಇಂಗ್ಲಿಷಿನವರಿಗೆ ಎರಡಕ್ಕೂ ‘ಸ್ಯಾಕ್ರಿಫೈಸ್’ ಎಂಬ ಒಂದೇ ಪದ ಸಾಕು. ಆ ಪದವನ್ನು ನಿಯಮವಾಗಿಸಿಕೊಂಡು, ಅದರಲ್ಲಿ ಸೇರುವ ಲಾಭ ನಷ್ಟಗಳನ್ನು ಅಂಗಡಿಯ ಲೆಕ್ಕದಷ್ಟು ಸ್ಪಷ್ಟವಾಗಿ ಬರೆದಿಟ್ಟ ಆಟವೊಂದಿದೆ. ಅದರ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆಟದ ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ಇದನ್ನು ರಚಿಸಿದ. 1993ರಲ್ಲಿ ಇದು ಹೊರಬಂದಿತು. ಇಸ್ಪೀಟಿನಂತೆ ಎಲೆಗಳ ಆಟವೇ ಸರಿ; ಆದರೆ ಇಲ್ಲಿ ಪ್ರತಿಯೊಬ್ಬ ಆಟಗಾರನೂ ತಾನು ಕೊಂಡು, ವಿನಿಮಯ ಮಾಡಿಕೊಂಡು ಕೂಡಿಸಿದ ಎಲೆಗಳಿಂದ ಕನಿಷ್ಠ 60 ಎಲೆಗಳ ತನ್ನದೇ ಕಟ್ಟನ್ನು ಕಟ್ಟಿಕೊಂಡು ಬರುತ್ತಾನೆ. ಇಬ್ಬರೂ ಮಾಂತ್ರಿಕರು, ಇಬ್ಬರಿಗೂ 20 ಅಂಕದ ಆಯುಸ್ಸು. ಭೂಮಿಯ ಎಲೆಗಳಿಂದ ‘ಮಾನಾ’ ಎಂಬ ಶಕ್ತಿ ಹುಟ್ಟುತ್ತದೆ. ಆ ಶಕ್ತಿಯನ್ನು ತೆತ್ತು ಜೀವಿಗಳನ್ನು ಕಣಕ್ಕಿಳಿಸಬೇಕು, ಮಂತ್ರಗಳನ್ನು ಪ್ರಯೋಗಿಸಬೇಕು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳ ಪೈಕಿ ಬಲಿಯ ವಿದ್ಯೆ ಮುಖ್ಯವಾಗಿ ಕಪ್ಪಿಗೆ ಸೇರಿದ್ದು.

2020ರಲ್ಲಿ ಬಂದ ‘ವಿಲೇಜ್ ರೈಟ್ಸ್’ ಎಂಬ ಎಲೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ‘ಹಳ್ಳಿಯ ಆಚರಣೆಗಳು’ ಎಂಬುದು ಹೆಸರಿನ ಅರ್ಥ. ಒಂದು ಕಪ್ಪು ಮಾನಾ ತೆರಬೇಕು, ಜೊತೆಗೆ ತನ್ನ ವಶದಲ್ಲಿರುವ ಒಂದು ಜೀವಿಯನ್ನು ಬಲಿ ಕೊಡಬೇಕು. ಆಗ ಕಟ್ಟಿನಿಂದ ಎರಡು ಎಲೆ ಎತ್ತಿಕೊಳ್ಳಬಹುದು. ಮೊದಲ ನೋಟಕ್ಕೆ ಇದರಲ್ಲಿ ಲಾಭವೇ ಕಾಣುವುದಿಲ್ಲ. ಕಳೆದದ್ದು ಎರಡು: ಈ ಎಲೆ ಒಂದು, ಜೀವಿಯ ಎಲೆ ಒಂದು. ಬಂದದ್ದೂ ಎರಡು. ಮಾನಾ ಖರ್ಚಾದದ್ದು ಬೇರೆ. ಹಾಗಾದರೆ ಜಾಣರು ಇದನ್ನು ಕಟ್ಟಿನಲ್ಲಿ ಏಕೆ ಇಟ್ಟುಕೊಳ್ಳುತ್ತಾರೆ?

ಉತ್ತರವಿರುವುದು ಎಲೆಯಲ್ಲಲ್ಲ, ಹೊತ್ತಿನಲ್ಲಿ. ಇದನ್ನು ಎದುರಾಳಿಯ ಸರದಿಯಲ್ಲೂ, ಅವನು ಆಡಿದ ಮಂತ್ರ ಇನ್ನೂ ಫಲಿಸುವ ಮುನ್ನವೂ ಆಡಬಹುದು. ಕೊನೆಗೆ ಆಡಿದ್ದು ಮೊದಲು ಫಲಿಸುವುದು ಈ ಆಟದ ಧರ್ಮ. ನನ್ನ ಜೀವಿಯೊಂದನ್ನು ಕೊಲ್ಲಲು ಎದುರಾಳಿ ಮಂತ್ರ ಹಾಕಿದನೆನ್ನಿ. ಅದು ಹೇಗೂ ಸಾಯತಕ್ಕದ್ದು. ಆ ಕ್ಷಣದಲ್ಲಿ ನಾನೇ ಅದನ್ನು ಬಲಿ ಕೊಟ್ಟರೆ, ಅವನ ಮಂತ್ರಕ್ಕೆ ಗುರಿಯೇ ಇಲ್ಲದಾಗಿ ಅದು ವ್ಯರ್ಥವಾಗುತ್ತದೆ. ನನಗೆ ಎರಡು ಎಲೆ ದಕ್ಕುತ್ತವೆ. ಸತ್ತ ಜೀವಿಯ ಲೆಕ್ಕ ಅವನ ಖಾತೆಗೆ, ಬಂದ ಎಲೆಗಳ ಲೆಕ್ಕ ನನ್ನ ಖಾತೆಗೆ.

ಎರಡನೆಯ ಸಂದರ್ಭ ಕಾಳಗದ್ದು. ಎದುರಾಳಿಯ ದೈತ್ಯನೊಬ್ಬ ಮೇಲೇರಿ ಬರುತ್ತಾನೆ. ನನ್ನ ಪುಟ್ಟ ಸೈನಿಕ ಅಡ್ಡ ನಿಲ್ಲುತ್ತಾನೆ. ಅಡ್ಡ ನಿಂತ ಮೇಲೆ, ಪೆಟ್ಟು ಬೀಳುವ ಮೊದಲು, ನಾನು ಅವನನ್ನು ಬಲಿ ಕೊಡುತ್ತೇನೆ. ತಡೆಯುವವನು ಇಲ್ಲದಿದ್ದರೂ ದೈತ್ಯ ತಡೆಯಲ್ಪಟ್ಟವನೇ. ತುಳಿದು ಮುನ್ನುಗ್ಗುವ ವಿಶೇಷ ಗುಣ ಅವನಿಗಿಲ್ಲದಿದ್ದರೆ ನನ್ನ ಆಯುಸ್ಸಿಗೆ ಒಂದು ಗೀರೂ ಬೀಳುವುದಿಲ್ಲ.

ಮೂರನೆಯದು ಇನ್ನೂ ಕುಟಿಲವಾದದ್ದು. 2009ರ ‘ಆ್ಯಕ್ಟ್ ಆಫ್ ಟ್ರೀಸನ್’ ಎಂಬ ಕೆಂಪು ಎಲೆ ಎದುರಾಳಿಯ ಜೀವಿಯನ್ನು ಆ ಒಂದು ಸರದಿಯ ಮಟ್ಟಿಗೆ ನನ್ನ ವಶಕ್ಕೆ ಕೊಡುತ್ತದೆ. ಅವನ ಜೀವಿಯಿಂದಲೇ ಅವನನ್ನು ಹೊಡೆದು, ಸರದಿ ಮುಗಿದು ಹಿಂದಿರುಗಿಸುವ ಮೊದಲು ಅದನ್ನು ಬಲಿ ಕೊಟ್ಟು ಎರಡು ಎಲೆ ಎತ್ತಿಕೊಳ್ಳಬಹುದು. ಕಂಡವರ ದುಡ್ಡಿನಲ್ಲಿ ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಇದು ಅದೇ. ನಿಯಮ ಕೇಳುವುದು ‘ನಿನ್ನ ವಶದಲ್ಲಿದೆಯೇ’ ಎಂದು ಮಾತ್ರ. ‘ನಿನ್ನದೇ’ ಎಂದು ಅದು ಕೇಳುವುದಿಲ್ಲ. ಸತ್ತ ಮೇಲೆ ಎಲೆ ಹೋಗುವುದು ಮಾತ್ರ ಅದರ ನಿಜವಾದ ಒಡೆಯನ ಮಸಣಕ್ಕೆ.

ಸತ್ತು ಉಪಕರಿಸುವ ಜೀವಿಗಳೂ ಇವೆ. 2011ರ ‘ಡೂಮ್ಡ್ ಟ್ರಾವೆಲರ್’ ಒಬ್ಬ ಬಡ ದಾರಿಹೋಕ. ಅವನು ಸತ್ತರೆ ಅವನ ಜಾಗದಲ್ಲಿ ಹಾರಬಲ್ಲ ಒಂದು ಆತ್ಮ ಹುಟ್ಟುತ್ತದೆ. ಇಂಥವನನ್ನು ಬಲಿ ಕೊಟ್ಟವನಿಗೆ ನಷ್ಟವೆಲ್ಲಿಯದು?

ಅಪಾಯವಿಲ್ಲವೆಂದಲ್ಲ. ಬಲಿ ಇಲ್ಲಿ ಫಲವಲ್ಲ, ಬೆಲೆ. ಬೆಲೆಯನ್ನು ಮೊದಲೇ ಕೊಟ್ಟುಬಿಡಬೇಕು. ಅನಂತರ ಎದುರಾಳಿ ನೀಲಿ ಬಣ್ಣದ ‘ಕೌಂಟರ್‌ಸ್ಪೆಲ್’ನಿಂದ ನನ್ನ ಮಂತ್ರವನ್ನು ರದ್ದು ಮಾಡಿದರೆ ಎಲೆಯೂ ಹೋಯಿತು, ಜೀವಿಯೂ ಹೋಯಿತು. ದೇವರು ವರ ಕೊಡದಿದ್ದರೆ ಕಡಿದ ಕುರಿ ಎದ್ದು ಬರುವುದಿಲ್ಲ. ಆದ್ದರಿಂದ ಎದುರಾಳಿಯ ಮಾನಾ ಬರಿದಾಗುವವರೆಗೆ ಕಾಯುವ ತಾಳ್ಮೆಯೇ ಈ ಎಲೆಯ ಅರ್ಧ ವಿದ್ಯೆ.

ಬಲಿಯನ್ನು ಇನ್ನೊಬ್ಬನ ಮೇಲೆ ಹೇರುವುದೂ ಉಂಟು. 1997ರ ‘ಡಯಬಾಲಿಕ್ ಈಡಿಕ್ಟ್’ ಎಂಬ ಎಲೆ, ಒಂದು ಜೀವಿಯನ್ನು ಬಲಿ ಕೊಡು ಎಂದು ಎದುರಾಳಿಗೆ ಆಜ್ಞೆ ಮಾಡುತ್ತದೆ. ಮಂತ್ರಕ್ಕೆ ಗುರಿಯಾಗದ ಜೀವಿಯೂ, ನಾಶವೇ ಇಲ್ಲದ ಜೀವಿಯೂ ಇದರಿಂದ ಪಾರಾಗಲಾರವು. ಏಕೆಂದರೆ ಗುರಿ ಒಡೆಯ, ಜೀವಿಯಲ್ಲ. ಮತ್ತು ಬಲಿಯೆಂದರೆ ನಾಶವಲ್ಲ, ಒಪ್ಪಿಸಿಬಿಡುವುದು. ಆದರೆ ಯಾವುದನ್ನು ಕೊಡಬೇಕೆಂಬ ಆಯ್ಕೆ ಒಡೆಯನದೇ. ಅವನು ಎಂದಾದರೂ ತನ್ನ ಮಹಾಸರ್ಪವನ್ನು ಕೊಟ್ಟಾನೆಯೇ? ಬಡ ಸೈನಿಕನನ್ನೇ ಕೊಡುತ್ತಾನೆ. ಆದ್ದರಿಂದ ಆಜ್ಞೆ ಹೊರಡಿಸುವವನು ದೊಡ್ಡದು ಒಂಟಿಯಾಗಿ ನಿಂತಿರುವ ಸಮಯ ನೋಡಬೇಕು. ದೊಡ್ಡದನ್ನು ಉಳಿಸಿಕೊಳ್ಳುವವನು ಅದರ ಸುತ್ತ ಸಣ್ಣವರನ್ನು ನಿಲ್ಲಿಸಿಕೊಳ್ಳಬೇಕು.

ಆಸ್ಟ್ರಿಯದ ಚದುರಂಗಪಟು ರುಡಾಲ್ಫ್ ಸ್ಪೀಲ್ಮನ್ 1935ರಲ್ಲಿ ಚದುರಂಗದ ಬಲಿಗಳನ್ನೇ ಕುರಿತು ಒಂದು ಪುಸ್ತಕ ಬರೆದ. ಬಲಿಗಳನ್ನು ಅವನು ಎರಡಾಗಿ ವಿಂಗಡಿಸುತ್ತಾನೆ: ಪ್ರತಿಫಲ ಇಷ್ಟೇ ಎಂದು ಮುಂಚಿತವಾಗಿ ಎಣಿಸಬಹುದಾದದ್ದು ತೋರಿಕೆಯ ಬಲಿ, ಎಣಿಸಲಾಗದೆ, ನಂಬಿಕೆಯ ಮೇಲೆ ಕೊಡುವುದು ನಿಜವಾದ ಬಲಿ. ಈ ಅಳತೆಗೋಲು ಹಿಡಿದು ನೋಡಿದರೆ ನಾನು ಇಲ್ಲಿಯವರೆಗೆ ವಿವರಿಸಿದ ಉಪಾಯಗಳೆಲ್ಲ ತೋರಿಕೆಯವೇ. ಸಾಯುವವನನ್ನು ಕೊಟ್ಟೆ, ಪರರದನ್ನು ಕೊಟ್ಟೆ, ಸತ್ತರೂ ಉಳಿಯುವವನನ್ನು ಕೊಟ್ಟೆ. ನನ್ನದೆಂದು ಕೊಟ್ಟದ್ದು ಏನು?

ಆಟದಲ್ಲಿ ಇದು ದೋಷವಲ್ಲ, ಜಾಣ್ಮೆ. ಕಾಗದದ ಸೈನಿಕನಿಗೆ ತಾಯಿಯಿಲ್ಲ. ಆದರೆ ಇದೇ ಲೆಕ್ಕವನ್ನು ಆಟದ ಮೇಜಿನಿಂದಾಚೆ ನಾನು ಎಷ್ಟೋ ಬಾರಿ ಕೇಳಿದ್ದೇನೆ. ‘ದೊಡ್ಡ ಉದ್ದೇಶಕ್ಕಾಗಿ ಕೆಲವರು ತ್ಯಾಗ ಮಾಡಬೇಕಾಗುತ್ತದೆ’ ಎಂಬ ಮಾತು ವೇದಿಕೆಯಿಂದ ಬಂದಾಗ, ಹೇಳುವವನು ಬಿಟ್ಟುಕೊಡುವುದು ಸಾಮಾನ್ಯವಾಗಿ ತನ್ನ ವಶದಲ್ಲಿರುವುದನ್ನು, ತನ್ನದನ್ನಲ್ಲ. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಊರು ಅವನದಲ್ಲ. ಗಡಿಗೆ ಹೊರಟ ಮಗ ಅವನವನಲ್ಲ. ಅಲ್ಲಿ ನಡೆದದ್ದು ಬಲಿ. ನಾಲಿಗೆಗೆ ಬಂದದ್ದು ತ್ಯಾಗ.

ಈ ಆಟದ ಒಂದು ಗುಣವನ್ನು ನಾನು ಮೆಚ್ಚುವುದು ಇದಕ್ಕಾಗಿ. 1993ರ ಮೊದಲ ಎಲೆಗಳಲ್ಲೇ ‘ಲಾರ್ಡ್ ಆಫ್ ದ ಪಿಟ್’ ಎಂಬ ಪಾತಾಳದ ಒಡೆಯನೊಬ್ಬನಿದ್ದಾನೆ. ಅವನ ಬಲ ಅಪಾರ. ಆದರೆ ನನ್ನ ಪ್ರತಿ ಸರದಿಯ ಆರಂಭದಲ್ಲೂ ಅವನಿಗೆ ಬೇರೊಂದು ಜೀವಿಯನ್ನು ಬಲಿ ಕೊಡಬೇಕು. ಕೊಡಲು ಯಾರೂ ಉಳಿಯದ ದಿನ ಅವನು ನನ್ನ ಮೇಲೆಯೇ ತಿರುಗಿ ಏಳು ಅಂಕದ ಪೆಟ್ಟು ಹಾಕುತ್ತಾನೆ. ಕಡೆಯ ಬಾಬ್ತನ್ನು ಬಲಿ ಕೊಟ್ಟವನ ಹೆಸರಿಗೇ ಬರೆಯುವಷ್ಟು ಪ್ರಾಮಾಣಿಕತೆ ಆ ಎಲೆಗಿದೆ. ನಮ್ಮ ಲೋಕದ ನಿಯಮಗಳಲ್ಲಿ ಅಷ್ಟು ಸ್ಪಷ್ಟತೆ ಇಲ್ಲ. ಆದ್ದರಿಂದಲೇ ‘ತ್ಯಾಗ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಕೊಟ್ಟವರು ಯಾರು, ಕೊಡಲ್ಪಟ್ಟವರು ಯಾರು, ಎಲೆ ಎತ್ತಿಕೊಂಡವರು ಯಾರು ಎಂದು ವಿಚಾರಿಸುವ ಕೆಲಸ ನಮ್ಮದು. ಎರಡಕ್ಕೂ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡ ಭಾಷೆಯವರಿಗೆ ಈ ಪ್ರಶ್ನೆ ಕಷ್ಟವಾಗಬಾರದು.